ರಟ್ಟು ಬೇರೆ, ಹಾಳೆ ಬೇರೆ

ಚರ್ಚಿನ ಕಕ್ಕಸು ತೊಳೆಯುವಾಗ ತಾಕ್ ಬೊಂಗ್‌ಸು ಒಂದು ದಿನವೂ ಮೂಗು ಮುಚ್ಚಿಕೊಂಡವನಲ್ಲ. ಕೊರಿಯಾದ ಗುನ್ಸಾನ್ ಬಂದರಿನ ಹಿಂದೆ ಗುಡ್ಡದ ಮೇಲಿರುವ ಆ ಚರ್ಚಿನ ಕಾವಲು, ಕಸ, ಬಾಯ್ಲರು, ಬೆಳಗಿನ ಜಾವದ ಪ್ರಾರ್ಥನೆಗೆ ಬಾಗಿಲು ತೆಗೆಯುವುದು, ಭಾನುವಾರದ ಊಟದ ಪಾತ್ರೆ ಬೆಳಗುವುದು, ಎಲ್ಲವೂ ಇಪ್ಪತ್ತೇಳು ವರ್ಷದಿಂದ ಅವನದೇ. ಕಟ್ಟಿಕೊಂಡ ಮೋರಿಗೆ ಮೊಣಕೈತನಕ ಕೈ ಹಾಕಿದವನು. ಅಂಥವನಿಗೂ ವಾಕರಿಕೆ ತರಿಸಿದ್ದು ಕದ್ದುಮುಚ್ಚಿ ಬೈಬಲ್ ಬಿಟ್ಟುಹೋಗುವ ಜನ.

ಬೈಬಲ್ ಫೋನಿನೊಳಗೆ ಬಂದದ್ದೇ ಬಂದದ್ದು, ಜಿಪ್ಪು ಹಾಕಿದ ಕಪ್ಪು ಪುಸ್ತಕವನ್ನು ಕಂಕುಳಲ್ಲಿಟ್ಟುಕೊಂಡು ಬರುತ್ತಿದ್ದವರೆಲ್ಲ ಕೈಬೀಸಿಕೊಂಡು ಬರತೊಡಗಿದರು. ಅದರಲ್ಲಿ ಬೊಂಗ್‌ಸುವಿಗೆ ತಕರಾರಿರಲಿಲ್ಲ. ಕಣ್ಣು ಮಂಜಾದ ಅವನ ಹೆಂಡತಿಯೂ ಫೋನಿನಲ್ಲೇ ಅಕ್ಷರ ದೊಡ್ಡದು ಮಾಡಿಕೊಂಡು ಓದುತ್ತಾಳೆ. ಓದುವವರು ಎಲ್ಲಿ ಬೇಕಾದರೂ ಓದಲಿ. ಆದರೆ ಮನೆಯಲ್ಲಿದ್ದ ಹಳೆಯದನ್ನು ಏನು ಮಾಡುವುದು? ಕಸಕ್ಕೆ ಹಾಕಲು ದೇವರ ಭಯ, ಇಟ್ಟುಕೊಳ್ಳಲು ಮನೆಯಲ್ಲಿ ಜಾಗವಿಲ್ಲ. ಅದಕ್ಕೆ ಬೆಕ್ಕಿನ ಮರಿಗಳನ್ನು ಕಂಡವರ ಹಿತ್ತಲಲ್ಲಿ ಬಿಟ್ಟುಬರುವ ಹಾಗೆ ತಂದು ಚರ್ಚಿನಲ್ಲಿ ಬಿಡುತ್ತಿದ್ದರು. ಕೊನೆಯ ಬೆಂಚಿನ ಕೆಳಗೆ, ಚಪ್ಪಲಿ ಗೂಡಿನೊಳಗೆ. ಒಬ್ಬ ಪುಣ್ಯಾತ್ಮನಂತೂ ಅಡುಗೆಮನೆಯ ಅಕ್ಕಿ ಡಬ್ಬದ ಮೇಲೆ.

ಬೊಂಗ್‌ಸು ಎಲ್ಲವನ್ನೂ ಅಟ್ಟಕ್ಕೆ ಹೊರುತ್ತಿದ್ದ. ಆರು ವರ್ಷದಲ್ಲಿ ಮುನ್ನೂರರ ಮೇಲಾದವು. ತೆರೆದರೆ ಬೂಷ್ಟು, ಒಣಗಿದ ಜಿರಲೆ, ಕಿಮ್ಚಿ ಉಪ್ಪಿನಕಾಯಿಯ ಕೆಂಪು ಕಲೆ. ಮೊದಲ ಹಾಳೆಯಲ್ಲಿ ಮಾತ್ರ ಚೆಂದದ ಅಕ್ಷರದಲ್ಲಿ ಹೆಸರು: ಯಾರು, ಯಾರಿಗೆ, ಯಾವ ಶುಭದಿನಕ್ಕೆ ಕೊಟ್ಟರೆಂದು.

ಈ ಶರತ್ಕಾಲದಲ್ಲಿ ಸೊಂಗ್ ಪಾಸ್ಟರರಿಗೆ ಅಟ್ಟದಲ್ಲಿ ಕಾಫಿ ಅಂಗಡಿ ತೆರೆಯುವ ಮನಸ್ಸಾಯಿತು.

"ತಾಕ್ ಅವರೇ, ಮಂಗಳವಾರ ಬಡಗಿಗಳು ಬರ್ತಾರೆ. ಆ ಪುಸ್ತಕ ಎಲ್ಲ ಖಾಲಿ ಮಾಡಿಸಿಬಿಡಿ. ಸದ್ದಿಲ್ಲದೆ."

"ಸದ್ದಿಲ್ಲದೆ ಯಾಕೆ, ಪಾಸ್ಟರ್?"

"ಕಣ್ಣಿಗೆ ಬಿದ್ರೆ ಜನಕ್ಕೆ ಬೇಜಾರಾಗುತ್ತಲ್ಲ."

ರದ್ದಿಯವನು ಬಂದು ಒಂದನ್ನು ಎತ್ತಿ ನೋಡಿ ತಲೆಯಾಡಿಸಿದ. "ಹಿಂಗೇ ಕೊಟ್ರೆ ಮುಟ್ಟಲ್ಲ ಯಜಮಾನ್ರೇ. ಜಿಪ್ಪು, ಅಂಟು, ಎಲ್ಲ ಕೊಯ್ದು ತೆಗೀರಿ. ರಟ್ಟು ಬೇರೆ, ಹಾಳೆ ಬೇರೆ."

ಬೊಂಗ್‌ಸುವಿಗೆ ಮೈ ಉರಿದುಹೋಯಿತು. ಇವರ ಎಂಜಲು ಬಳಿದದ್ದಾಯಿತು, ಹೇಲು ತೊಳೆದದ್ದಾಯಿತು. ಈಗ ದೇವರ ವಾಕ್ಯದ ಬೆನ್ನು ಕೊಯ್ಯುವ ಪಾಪವನ್ನೂ ಇವರ ಪರವಾಗಿ ತಾನೇ ಮಾಡಬೇಕೆ? ಸಾಧ್ಯವಿಲ್ಲ. ಹೆಸರಿದ್ದವರು ಬಂದು ಮಾಡಿಕೊಳ್ಳಲಿ.

ಭಾನುವಾರ ಊಟ ಮುಗಿಯುವ ಹೊತ್ತಿಗೆ ಊಟದ ಹಾಲ್‌ನ ಉದ್ದನೆಯ ಮೇಜುಗಳ ಮೇಲೆ ಎಲ್ಲವನ್ನೂ ಹರಡಿದ್ದ. ಪ್ರತಿಯೊಂದೂ ಹೆಸರಿನ ಹಾಳೆಗೆ ತೆರೆದಿತ್ತು. ನಡುವೆ ನಾಲ್ಕು ಕಟರ್.

"ಮನೆಗೆ ಒಯ್ಯೋರು ಒಯ್ರಿ. ಬೇಡದೋರು ಅವರವರದ್ದು ಅವರೇ ಕೊಯ್ರಿ. ನನ್ನ ಕೈಲಿ ಆಗಲ್ಲ" ಎಂದ.

ಸಭೆಯ ಹಿರಿಯರಲ್ಲೇ ಹಿರಿಯರಾದ ಬಾಂಗ್ ಯಜಮಾನರು ಹಲ್ಲುಕಡ್ಡಿ ಆಡಿಸುತ್ತ ಹತ್ತಿರ ಬಂದರು. ಒಂದು ಹಾಳೆ ನೋಡಿ ಮುಖ ಪಕ್ಕಕ್ಕೆ ತಿರುಗಿಸಿದರು.

"ಇದು ನಮ್ದಲ್ಲಪ್ಪ."

"ನಿಮ್ಮ ತಂದೆಯವರ ಅಕ್ಷರ, ಯಜಮಾನ್ರೇ. ಕೆಳಗೆ ನಿಮ್ಮ ಹೆಸರು."

"ಈ ಹೆಸರಿನೋನು ಇಡೀ ಗುನ್ಸಾನ್‌ಗೆ ನಾನೊಬ್ನೇನಾ?"

"ಒಳಗೆ ನಿಮ್ಮ ಮದುವೆ ಫೋಟೋನೂ ಇದೆ. ಆಗ ತಲೇಲಿ ಕೂದಲಿತ್ತು, ನೋಡ್ಕೊಳಿ."

ಯಾರೋ ಕಿಸಕ್ಕೆಂದರು. ಬಾಂಗ್ ಯಜಮಾನರ ಕಿವಿ ಕೆಂಪಾಯಿತು. ಕಟರ್ ಎತ್ತಿಕೊಂಡು, ಹೆಸರಿದ್ದ ಹಾಳೆಯೊಂದನ್ನೇ ಬುಡಕ್ಕೆ ಕೊಯ್ದು, ಫೋಟೋದ ಜೊತೆ ಮಡಚಿ ಕೋಟಿನ ಜೇಬಿಗೆ ಸೇರಿಸಿದರು. ಪುಸ್ತಕವನ್ನು ಮುಚ್ಚಿ ಮೇಜಿನ ನಡುವಿಗೆ ತಳ್ಳಿದರು.

"ಈಗ ಹೇಳಪ್ಪ, ಇದು ಯಾರ್ದು?"

ಅಷ್ಟೇ ಸಾಕಾಯಿತು. ಜನ ನುಗ್ಗಿದರು. ಕಟರ್ ಸಿಕ್ಕದವರು ಎಣ್ಣೆ ಬೆರಳಿನಲ್ಲೇ ಪರಪರ ಹರಿದರು. ಅವಸರದಲ್ಲಿ ಆದಿಕಾಂಡದ ಮೊದಲ ಪುಟವೂ ಕಿತ್ತುಬಂದರೆ, ಅದನ್ನು ಉಂಡೆ ಮಾಡಿ ಮೇಜಿನಡಿ ಬಿಸಾಡಿದರು. ಬೆಳಗಿನ ಜಾವದ ಪ್ರಾರ್ಥನೆಗೆ ಮಳೆಯಿರಲಿ ಹಿಮವಿರಲಿ ತಪ್ಪದೆ ಬರುವ ಗ್ವಾಕ್ ಅಜ್ಜಿಯ ಮೇಲೆ ಬೊಂಗ್‌ಸುವಿಗೆ ಕೊನೆಯ ಆಸೆಯಿತ್ತು. ಅವಳೂ ಬಂದಳು.

"ನನ್ ಹಾಳೆನೂ ಕಿತ್ಕೊಡಪ್ಪಾ, ಬೆರಳು ಹಿಡಿಯಲ್ಲ."

ಅವನು ಕಟರ್ ಮುಟ್ಟಲಿಲ್ಲ. ಪಕ್ಕದವರು ಕಿತ್ತುಕೊಟ್ಟರು.

ಮುಕ್ಕಾಲು ಗಂಟೆಯಲ್ಲಿ ಊಟದ ಹಾಲ್ ಖಾಲಿ. ಮನೆಗೆ ಹೋದ ಬೈಬಲ್ ಒಂದೂ ಇಲ್ಲ. ಸೊಂಗ್ ಪಾಸ್ಟರ್ ಅವನ ಬೆನ್ನು ತಟ್ಟಿದರು.

"ಒಳ್ಳೇದೇ ಆಯ್ತು ಬಿಡಿ. ಈಗ ಇವು ಯಾರದ್ದೂ ಅಲ್ಲ. ನಿಮ್ಮ ಮನಸ್ಸಿಗೂ ಹಗುರ."

ಥೂ ಎಂದು ಉಗಿಯುವಷ್ಟು ಎಂಜಲು ಬಾಯಲ್ಲಿತ್ತು. ಆದರೆ ಚರ್ಚಿನ ಹಿಂದಿನ ಎರಡು ಕೋಣೆಯ ಮನೆ ಈ ಕೆಲಸವಿದ್ದರೆ ಮಾತ್ರ. ಅರವತ್ತಮೂರನೇ ವಯಸ್ಸಿನಲ್ಲಿ ಕಣ್ಣು ಮಂಜಾದ ಹೆಂಡತಿಯನ್ನು ಕಟ್ಟಿಕೊಂಡು ಎಲ್ಲಿಗೆ ಹೋಗುವುದು? ಎಂಜಲು ನುಂಗಿಕೊಂಡು, "ಆಗ್ಲಿ ಪಾಸ್ಟರ್" ಎಂದ.

ಮೇಜಿನ ಮುಂದೆ ಕೂತು ಮೊದಲನೆಯದನ್ನು ಎಳೆದುಕೊಂಡ. "ಕ್ಷಮಿಸು, ತಂದೆ" ಎಂದು ಗಟ್ಟಿಯಾಗಿಯೇ ಹೇಳಿ ಕೊಯ್ದ. ಎರಡನೆಯದಕ್ಕೂ ಹೇಳಿದ, ಮೂರನೆಯದಕ್ಕೂ ಹೇಳಿದ. ಹತ್ತರ ನಂತರ ಮನಸ್ಸಿನಲ್ಲೇ ಹೇಳಿಕೊಂಡ. ನಲವತ್ತರ ಸುಮಾರಿಗೆ ಒಂದು ಉಪಾಯ ಹೊಳೆಯಿತು: ರಟ್ಟನ್ನು ಹಿಂದಕ್ಕೆ ಬಗ್ಗಿಸಿ ಹೆಬ್ಬೆರಳಲ್ಲಿ ಒತ್ತಿ ಹಿಡಿದರೆ ಒಂದೇ ಎಳೆತಕ್ಕೆ ಬಿಟ್ಟುಬರುತ್ತದೆ. ಕೆಲಸ ಓಟ ಹಿಡಿಯಿತು. ಈ ಕಡೆ ರಟ್ಟಿನ ರಾಶಿ, ಆ ಕಡೆ ಹಾಳೆಯ ರಾಶಿ, ಎರಡೂ ಅಚ್ಚುಕಟ್ಟು.

ಸಂಜೆಯ ಚಹಾ ಹಿಡಿದು ಹೆಂಡತಿ ಬಂದಳು. ಅವಳಿಗೆ ರಾಶಿಗಳು ಕಾಣಲಿಲ್ಲ. ಬಾಗಿಲಲ್ಲೇ ನಿಂತು ಕಿವಿಗೊಟ್ಟಳು.

"ಏನ್ರೀ, ಹಾಡ್ಕೊಂಡು ಕೆಲ್ಸ ಮಾಡ್ತಿದೀರಾ? ಏನ್ ಖುಷಿ ಇವತ್ತು?"

ಬೊಂಗ್‌ಸು ತಟ್ಟನೆ ಬಾಯಿ ಮುಚ್ಚಿದ. ಬೆಳಗಿನ ಆರಾಧನೆಯ ಕೀರ್ತನೆಯ ಧಾಟಿ ಇನ್ನೂ ನಾಲಿಗೆಯ ಮೇಲಿತ್ತು. ಎದುರಿನ ರಾಶಿಯನ್ನು ನೋಡಿದ, ಕೈ ನೋಡಿಕೊಂಡ. ಕಟರ್ ಕೆಳಗಿಟ್ಟು ಹಿತ್ತಿಲಿಗೆ ಓಡಿಹೋಗಿ ವಾಂತಿ ಮಾಡಿಕೊಂಡ.