ಪ್ರಮಾಣದ ದಿನ ತುಂಬಿದ ಉಡಿ

ಎರಡು ವರ್ಷದ ಹಿಂದಿನ ಮಾತು. ಯುಗಾದಿ ಮುಗಿದ ವಾರ ನನಗೂ ಮಗಳು ನೀಲಾಳಿಗೂ ಬ್ರಿಟಿಷ್ ಪೌರತ್ವ ಕೊಡುವ ಸಮಾರಂಭವಿತ್ತು. ನಾವಿರುವುದು ಲಂಡನ್ನಿನ ಕೆಂಟನ್‌ನಲ್ಲಿ. ನಮ್ಮ ಮನೆಯವರಿಗೆ ಪೌರತ್ವ ಮೊದಲೇ ಸಿಕ್ಕಿತ್ತು, ನಮ್ಮಿಬ್ಬರದು ಬಾಕಿ ಇತ್ತು.

ನೀಲಾ ನಾನು ಹೆತ್ತ ಮಗಳಲ್ಲ. ಆರು ವರ್ಷದವಳಿದ್ದಾಗ ಹುಬ್ಬಳ್ಳಿ ಕಡೆಯ ಒಂದು ಅನಾಥಾಶ್ರಮದಿಂದ ದತ್ತು ತಂದೆವು. ಅದಕ್ಕೂ ಮೊದಲು ಬೆಳಗಾವಿಯ ಒಂದು ಕುಟುಂಬ ಅವಳನ್ನು ಕರೆದುಕೊಂಡು ಹೋಗಿ, ಹೊಂದಿಕೆಯಾಗಲಿಲ್ಲವೆಂದು ಕೆಲವೇ ತಿಂಗಳಲ್ಲಿ ಹಿಂದಕ್ಕೆ ತಂದು ಬಿಟ್ಟಿತ್ತು, ಅಂಗಡಿಗೆ ಸೀರೆ ವಾಪಸ್ ಕೊಟ್ಟ ಹಾಗೆ. ಇಲ್ಲಿಗೆ ಬಂದ ಮೇಲೂ ಬಹಳ ಕಾಲ ನನ್ನನ್ನು 'ಆಂಟಿ' ಎಂದೇ ಕರೆಯುತ್ತಿದ್ದಳು. ಒಂದು ದಿನ ಶಾಲೆಯಿಂದ ಬಂದವಳು ಬೂಟು ಬಿಚ್ಚುತ್ತ, ತಲೆ ಎತ್ತದೆ, "ಅವ್ವಾ, ಹಸಿವಾಗೇತಿ" ಎಂದಳು. ನಾನು ಅಡುಗೆಮನೆಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತೆ. ಅವಳಿಗೆ ಕೇಳಿಸಬಾರದಿತ್ತು.

ಸಮಾರಂಭಕ್ಕೆ ಮೊದಲು ಧಾರವಾಡದಿಂದ ನನ್ನ ತಾಯಿ ಫೋನ್ ಮಾಡಿದರು. "ಹುಡುಗಿ ಹೊಸ ದೇಶದ ಮಗಳಾಗಾಕತ್ತಾಳ. ಬರೀ ಉಡೀಲೆ ಕರಕೊಂಡು ಹೋಗಬ್ಯಾಡವಾ" ಎಂದರು. ನಮ್ಮ ಕಡೆ ಹೆಣ್ಣುಮಕ್ಕಳು ಶುಭಕಾರ್ಯಕ್ಕೆ ಹೊರಟರೆ, ತವರಿನಿಂದ ಗಂಡನ ಮನೆಗೆ ಹೊರಟರೆ, ಮಡಿಲಿಗೆ ಅಕ್ಕಿ ಕೊಬ್ಬರಿ ಹಾಕಿ ಉಡಿ ತುಂಬುತ್ತೇವೆ. ನನಗೂ ಹೌದೆನಿಸಿತು. ರೇನರ್ಸ್ ಲೇನ್‌ನ ಅಂಗಡಿಯಿಂದ ಕೊಬ್ಬರಿ ಬಟ್ಟಲು, ಅಡಿಕೆ, ಉತ್ತತ್ತಿ ತಂದೆ. ಎತ್ತಿಟ್ಟಿದ್ದ ಗುಳೇದಗುಡ್ಡದ ಖಣ, ಕುಪ್ಪಸದ ಬಟ್ಟೆ, ತೆಗೆದೆ.

ಬೆಳಿಗ್ಗೆ ನೀಲಾಳನ್ನು ದೇವರ ಮುಂದೆ ನಿಲ್ಲಿಸಿ ಕುಂಕುಮ ಹಚ್ಚಿದೆ. ತಟ್ಟೆ ಎತ್ತುತ್ತಿದ್ದಂತೆ, ನಾನು ಹೇಳುವ ಮೊದಲೇ, ಫ್ರಾಕಿನ ಅಂಚನ್ನು ಎರಡೂ ಕೈಯಲ್ಲಿ ಹಿಡಿದು ಒಡ್ಡಿದಳು. ಎಷ್ಟು ಸಂಸ್ಕಾರ ನನ್ನ ಮಗಳಿಗೆ ಎಂದು ಹಿಗ್ಗಿದೆ. ಪೆದ್ದಿ ನಾನು.

"ನನ್ನ ಬ್ಯಾಗ್ ತಗೊಳ್ಳಲೇನು?" ಎಂದು ಕೇಳಿದಳು. ಬಣ್ಣದ ಪೆನ್ಸಿಲ್ ಇಟ್ಟುಕೊಳ್ಳುತ್ತಾಳೆಂದುಕೊಂಡು "ತಗೋ" ಎಂದೆ.

ಬಸ್ಸಿನಲ್ಲಿ ಕಿಟಕಿಯಿಂದ ಹೊರಗೆ ನೋಡುತ್ತ ಕೂತಳು.

"ಅಲ್ಲಿ ಯಾರ ಬರ್ತಾರ?"

"ಮೇಯರ್ ಬರ್ತಾರ."

"ಅವರಿಗೆ ಮಕ್ಕಳ ಅದಾರೇನು?"

"ಇರಬಹುದು, ಯಾಕವಾ?" ಎಂದೆ. ಅವಳು ಬ್ಯಾಗನ್ನು ತೊಡೆಯ ಮೇಲೆ ಎಳೆದುಕೊಂಡಳು.

ಕೌನ್ಸಿಲ್ಲಿನ ಸಭಾಂಗಣದಲ್ಲಿ ರಾಜರ ಫೋಟೊ, ಬಾವುಟ, ಹೂವು. ಬೇರೆ ಬೇರೆ ದೇಶದವರೆಲ್ಲ ಮದುವೆಗೆ ಬಂದವರಂತೆ ಅಲಂಕಾರ ಮಾಡಿಕೊಂಡು ಬಂದಿದ್ದರು. ದೊಡ್ಡವರೆಲ್ಲ ಎದ್ದು ನಿಂತು, ರಾಜರಿಗೂ ಅವರ ವಾರಸುದಾರರಿಗೂ ನಿಷ್ಠೆಯಿಂದ ಇರುತ್ತೇವೆಂದು ಪ್ರಮಾಣ ಮಾಡಿದೆವು. ಮಕ್ಕಳು ಪ್ರಮಾಣ ಹೇಳಬೇಕಿರಲಿಲ್ಲ. ಆಮೇಲೆ ಒಬ್ಬೊಬ್ಬರನ್ನೇ ವೇದಿಕೆಗೆ ಕರೆದರು. ನಮ್ಮ ಸರದಿ ಬಂತು. ಮೇಯರ್ ವಯಸ್ಸಾದ ಹೆಂಗಸು, ಕೊರಳಲ್ಲಿ ದಪ್ಪ ಚಿನ್ನದ ಸರ. ಬಾಗಿ ನೀಲಾಳ ಕೈ ಕುಲುಕಿ, "ಇನ್ನು ಮೇಲೆ ನೀನು ನಮ್ಮ ಹುಡುಗಿ" ಎಂದು ಇಂಗ್ಲಿಷಿನಲ್ಲಿ ಹೇಳಿದರು. ಪಾಪ, ಪ್ರೀತಿಯಿಂದಲೇ ಹೇಳಿದರು.

ಫೋಟೊ ಆಯಿತು. ನೀಲಾ ಬ್ಯಾಗನ್ನು ಮೇಯರ್ ಪಕ್ಕದಲ್ಲಿಟ್ಟು, ನನ್ನ ಹತ್ತಿರ ಬಂದು ಕಾಲಿಗೆ ನಮಸ್ಕಾರ ಮಾಡಿದಳು. ಸಭೆಯೆಲ್ಲ ಚಪ್ಪಾಳೆ ತಟ್ಟಿತು. ಎಂಥ ಚೆಂದದ ಪದ್ಧತಿ ಎಂದರು ಮೇಯರ್. ನೀಲಾ ಎದ್ದು ಹಿಂದೆ ಹೋಗಿ, ಮತ್ತೆ ಅವರ ಪಕ್ಕದಲ್ಲೇ ನಿಂತಳು.

"ನಡೀ ನೀಲಾ" ಎಂದೆ.

"ನೀವು ಹೋಗ್ರಿ ಆಂಟಿ" ಎಂದಳು. "ನಾ ಅಳಂಗಿಲ್ಲ."

ನನಗೆ ಮೊದಲು ಅರ್ಥವಾಗಲಿಲ್ಲ. ಕೈ ಹಿಡಿದು ಎಳೆದರೆ ಮೈ ಸೆಟೆದು ನಿಂತಳು. ಹಿಂದಿನ ಸಾಲಿನಲ್ಲಿ ಕೂತು ವಿಡಿಯೊ ತೆಗೆಯುತ್ತಿದ್ದ ನಮ್ಮ ಮನೆಯವರು ಓಡಿಬಂದು ಅವಳನ್ನು ಎತ್ತಿಕೊಂಡು ಹೊರಗೆ ತಂದರು. ಅಲ್ಲಿ ಬೆಂಚಿನ ಮೇಲೆ ಕೂರಿಸಿ ಕೇಳಿದಾಗ, ಶಾಲೆಯ ಪಾಠ ಒಪ್ಪಿಸುವಂತೆ ಹೇಳಿದಳು. "ಆಶ್ರಮದಾಗ ಉಡಿ ತುಂಬಿ ಬೆಳಗಾಂವಿ ಆಂಟಿಗೆ ಕೊಟ್ರು. ಆ ಆಂಟಿ ಉಡಿ ತುಂಬಿ ಆಶ್ರಮಕ್ಕ ಬಿಟ್ರು. ಆಮ್ಯಾಲೆ ಉಡಿ ತುಂಬಿ ನಿಮಗ ಕೊಟ್ರು. ಈಗ ನೀವು ಇವರಿಗೆ ಕೊಟ್ರಿ."

ಬೆಳಗಾವಿಯವರ ವಿಷಯ ನನಗೆ ಗೊತ್ತಿತ್ತು, ಉಡಿಯ ವಿಷಯ ಯಾರೂ ಹೇಳಿರಲಿಲ್ಲ. ಮಗುವನ್ನು ಬೇಡವೆಂದು ವಾಪಸ್ ಬಿಡುವಾಗಲೂ ಆ ಹೆಂಗಸು ಪದ್ಧತಿ ತಪ್ಪಿಸಿರಲಿಲ್ಲ.

ಬ್ಯಾಗ್ ತೆಗೆದು ನೋಡಿದೆ. ಮಡಿಸಿದ ಬಟ್ಟೆ, ಹಲ್ಲುಜ್ಜುವ ಬ್ರಷ್, ಬೆಳಿಗ್ಗೆಯ ಅಕ್ಕಿ ಕಟ್ಟಿದ ಖಣ. ರಾತ್ರಿ ಅಪ್ಪಿಕೊಂಡು ಮಲಗುತ್ತಿದ್ದ ಗೊಂಬೆ ಇರಲಿಲ್ಲ. ಯಾಕೆಂದು ಕೇಳಿದೆ. "ಅದು ನಿಮ್ದು" ಎಂದಳು.

ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದರು ಅನ್ನುತ್ತಾರಲ್ಲ, ಹಾಗಾಯಿತು ನನ್ನ ಶುಭಕಾರ್ಯ. ಆ ದಿನದಿಂದ ಹೇಳದ ಮಾತಿಲ್ಲ. ಮುದ್ದು ಮಾಡಿ ಹೇಳಿದೆವು, ಆಣೆ ಮಾಡಿ ಹೇಳಿದೆವು. ನಮ್ಮ ಜಿಪಿ ಡಾಕ್ಟರು ಕಳಿಸಿಕೊಟ್ಟ ಮಕ್ಕಳ ಮನಶ್ಶಾಸ್ತ್ರಜ್ಞೆಯೂ ಹೇಳಿದರು. ನೀಲಾ ಎಲ್ಲದಕ್ಕೂ ತಲೆಯಾಡಿಸುತ್ತಾಳೆ. ಊಟ ಮಾಡುತ್ತಾಳೆ, ಚೆನ್ನಾಗಿ ಓದುತ್ತಾಳೆ, ಒಂದು ಹಟ ಮಾಡುವುದಿಲ್ಲ. ಹಟ ಮಾಡಲಿ ದೇವರೇ ಎಂದು ನಾನು ಬೇಡಿಕೊಳ್ಳುತ್ತೇನೆ. ಒಂದು ದೇಶ ಅವಳನ್ನು ತನ್ನವಳೆಂದ ದಿನವೇ ನಾನು ಅವಳಿಗೆ ಮತ್ತೆ ಆಂಟಿಯಾದೆ, ಇನ್ನೂ ಆಂಟಿಯಾಗಿಯೇ ಇದ್ದೇನೆ.

ಕಳೆದ ಗಣಪತಿ ಹಬ್ಬಕ್ಕೆ ಎಜ್‌ವೇರ್‌ನ ಗೆಳತಿಯ ಮನೆಗೆ ಹೋಗಿದ್ದೆವು. ನಾವು ಹೊರಡುವಾಗ, ಏನೂ ತಿಳಿಯದ ಆಕೆ ನೀಲಾಳಿಗೆ ಕುಂಕುಮ ಹಚ್ಚಿ ಅಕ್ಕಿಯ ತಟ್ಟೆ ತಂದಳು. ನಾನು ಬೇಡವೆನ್ನುವಷ್ಟರಲ್ಲಿ ನೀಲಾ ಲಂಗದ ಅಂಚು ಎತ್ತಿ ಹಿಡಿದು, ನನ್ನ ಮುಖ ನೋಡುತ್ತ ನಿಂತಿದ್ದಳು. ಆ ಬೆರಳುಗಳಿಂದ ಅಂಚು ಬಿಡಿಸಲು ನನಗೆ ಬಲ ಹಾಕಬೇಕಾಯಿತು.

ಮನೆಗೆ ಬರುವ ಬಸ್ಸಿನಲ್ಲಿ "ಇವತ್ತಲ್ಲೇನು?" ಎಂದು ಕೇಳಿದಳು.

"ಇವತ್ತೂ ಅಲ್ಲ, ಎಂದೂ ಅಲ್ಲ ಕೂಸ" ಎಂದೆ.

"ಆತ್ರಿ ಆಂಟಿ" ಎಂದಳು.