ಉಗುರು ಒಣಗಲು ಬಿಡದ ಪಾರ್ಲರ್ ಅಕ್ಕ

ಪಾರ್ಲರ್ ಅಕ್ಕನ ಬೆರಳ ತುದಿಗಳಲ್ಲಿ ಗೆರೆಗಳೇ ಇರಲಿಲ್ಲ. ಹತ್ತೂ ಬೆರಳು ಹೊಳೆಯ ಕಲ್ಲಿನಂತೆ ನುಣ್ಣಗಿದ್ದವು. ರೇಷನ್ ಅಂಗಡಿಯ ಯಂತ್ರದ ಮೇಲೆ ಎಷ್ಟು ಸಲ ಹೆಬ್ಬೆಟ್ಟು ಒತ್ತಿದರೂ ಅದು ಅವರನ್ನು ಅವರೆಂದು ಒಪ್ಪುತ್ತಿರಲಿಲ್ಲ. ಬೆಟ್ಟದಪುರದ ಹತ್ತಿರದ ಊರಿನಲ್ಲಿ ಚಿಕ್ಕಂದಿನಿಂದ ಹೊಗೆಸೊಪ್ಪು ವಿಂಗಡಿಸಿ ಅರ್ಧ ಗೆರೆ ಸವೆದವಂತೆ. ಉಳಿದರ್ಧವನ್ನು ಬಣ್ಣ ತೆಗೆಯುವ ಅಸಿಟೋನ್ ತಿಂದಿತ್ತು. "ನಾನು ಕಳ್ತನ ಮಾಡುದ್ರೂ ಪೊಲೀಸ್ನೋರ್ಗೆ ಸಿಗಾಕಿಲ್ಲ ಕಣ್ರವ್ವ" ಎಂದು ಹೇಳಿಕೊಂಡು ತಾವೇ ನಗುತ್ತಿದ್ದರು.

ಅವರ ಪಾರ್ಲರ್ ಹ್ಯಾಂಡ್‌ಪೋಸ್ಟ್ ಎಂಬ ಕೂಡುರಸ್ತೆಯ ಊರಿನಲ್ಲಿ, ಒಂದು ಗೊಬ್ಬರದ ಅಂಗಡಿಯ ಮೇಲೆ ಇತ್ತು. ನಾನು ಆಗ ಮೊದಲ ಪಿಯುಸಿ. ಹಂಪಾಪುರದ ಹತ್ತಿರದ ನಮ್ಮೂರಿನಿಂದ ಬಂದು ಅಲ್ಲಿ ಬಸ್ಸಿಳಿದು ಕಾಲೇಜಿಗೆ ಹೋಗುತ್ತಿದ್ದೆ. ಸಂಜೆ ಬಸ್ಸು ತಡವಾದರೆ ಗೆಳತಿಯರೆಲ್ಲ ಮೆಟ್ಟಿಲು ಹತ್ತಿ, ಗಾಜಿನ ಬಾಗಿಲಿಗೆ ಮೂಗು ಒತ್ತಿ ನಿಲ್ಲುತ್ತಿದ್ದೆವು. ಒಳಗೆ ಬಣ್ಣ ಹಚ್ಚಿದ ಪ್ಲಾಸ್ಟಿಕ್ ಉಗುರುಗಳನ್ನು ಬೀಸಣಿಗೆಯ ಹಾಗೆ ಜೋಡಿಸಿಟ್ಟಿದ್ದರು. ಅವುಗಳಲ್ಲಿ ಒಂದು ಸಾಲಿನ ಮೇಲೆ ನಮಗೆಲ್ಲ ಕಣ್ಣು. ಈ ಕಡೆಯಿಂದ ನೋಡಿದರೆ ಹಸಿರು, ಆ ಕಡೆಯಿಂದ ನೇರಳೆ, ಪಾರಿವಾಳದ ಕತ್ತಿನ ಹಾಗೆ. ನಡುವೆ ಬೆಕ್ಕಿನ ಕಣ್ಣಿನಂತೆ ಒಂದು ಬೆಳ್ಳಗಿನ ಗೆರೆ.

ಒಂದು ದಿನ ಅಕ್ಕ ಬಾಗಿಲು ತೆಗೆದು, "ಗಾಜು ಯಾಕ್ರವ್ವ ನೆಕ್ಕೀರಿ, ಒಳೀಕೆ ಬನ್ನಿ" ಅಂದರು. ನನ್ನ ಕಿರುಬೆರಳು ಹಿಡಿದು ಕಪ್ಪು ಬಣ್ಣ ಹಚ್ಚಿ, ಪುಟ್ಟ ದೀಪದ ಪೆಟ್ಟಿಗೆಯೊಳಗೆ ಇಟ್ಟು ಗಟ್ಟಿ ಮಾಡಿದರು. ಅದರ ಮೇಲೆ ಇನ್ನೊಂದು ಜೆಲ್ ಹಚ್ಚಿದರು. ಅದರಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಕಬ್ಬಿಣದ ಪುಡಿ ಇರುತ್ತದಂತೆ. ಹಸಿಯಿರುವಾಗಲೇ ಮೇಲೆ ಅಯಸ್ಕಾಂತದ ಕಡ್ಡಿ ಹಿಡಿದರು. ಪುಡಿಯೆಲ್ಲ ಎದ್ದುಬಂದಂತೆ ಸರಿದು, ಉಗುರಿನ ಮಧ್ಯೆ ಗೆರೆಯಾಗಿ ನಿಂತಿತು. ನಾವೆಲ್ಲ ಒಟ್ಟಿಗೆ ಕಿರುಚಿದೆವು.

"ಹಸಿ ಇರೋಗಂಟ ಎತ್ತಾಗ್ ಬೇಕಾದ್ರೂ ಎಳೀಬೋದು ಕಣವ್ವ. ದೀಪದೊಳೀಕೆ ಹೋಯ್ತೋ, ಮುಗೀತು. ಕೈ ಮಾತ್ರ ಅಲ್ಲಾಡಬಾರ್ದು" ಅಂದರು ಅಕ್ಕ.

ಇದಾಗಿ ಎರಡು ತಿಂಗಳಿಗೆ ಯಾರೋ ನಮ್ಮಪ್ಪನ ಕಿವಿಗೆ ಒಂದು ಮಾತು ಹಾಕಿದರು. ನಾನು ಬಸ್‌ಸ್ಟಾಪಿನಲ್ಲಿ ಒಬ್ಬ ಹುಡುಗನ ಜೊತೆ ನಿಂತು ನಗುತ್ತಿದ್ದೆ ಎಂದು. ಅವನು ನನ್ನ ತರಗತಿಯವನು, ನೋಟ್ಸ್ ಕೇಳುತ್ತಿದ್ದ, ಅಷ್ಟೆ. ಅಪ್ಪ ಹೊಡೆಯಲಿಲ್ಲ, ಬೈಯಲಿಲ್ಲ. ಮರುದಿನದಿಂದ ಕಾಲೇಜು ಬೇಡ ಅಂದರು. ಕೆ.ಆರ್. ನಗರದ ಕಡೆಯ ಗಂಡು ಗೊತ್ತಾಗಿ, ಹನ್ನೆರಡನೇ ದಿನಕ್ಕೆ ಮದುವೆ ನಿಗದಿಯಾಯಿತು. ಮದುವೆ ಗಂಡಿನವರ ಊರಿನ ದೇವಸ್ಥಾನದಲ್ಲಿ, ಸದ್ದಿಲ್ಲದೆ. ನನಗೆ ಹದಿನಾರು ವರ್ಷ. ಅಮ್ಮ ಒಲೆಯ ಮುಂದೆ ಅಳುತ್ತಿದ್ದಳು, ಆದರೆ ಅಪ್ಪನ ಎದುರು ಬಾಯಿ ತೆರೆಯಲಿಲ್ಲ. ನಾನೂ ತೆರೆಯಲಿಲ್ಲ.

ಮದುವೆಯ ಹಿಂದಿನ ದಿನ ಗಂಡಿನ ಅಕ್ಕ ಬಂದಳು. ಫೋಟೊದಲ್ಲಿ ಹುಡುಗಿಯ ಕೈ ಚೆನ್ನಾಗಿ ಕಾಣಬೇಕು, ರೀಲ್ಸಿನಲ್ಲಿ ನೋಡಿದ ಆ ಬಣ್ಣ ಬದಲಾಗುವ ಉಗುರು ಮಾಡಿಸಬೇಕು ಎಂಬುದು ಅವಳ ಆಸೆ. ಅಪ್ಪ ಬಾಡಿಗೆ ಕಾರಿನಲ್ಲಿ ನಮ್ಮಿಬ್ಬರನ್ನೂ ಹ್ಯಾಂಡ್‌ಪೋಸ್ಟಿಗೆ ಕರೆದುಕೊಂಡು ಬಂದರು. ಅಲ್ಲಿಂದ ಹಾಗೇ ಗಂಡಿನವರ ಊರಿಗೆ ಹೊರಡುವುದೆಂದು ಮಾತಾಗಿತ್ತು. ಅಪ್ಪ ಕೆಳಗೆ ಟೀ ಅಂಗಡಿಯಲ್ಲಿ ನಿಂತರು. ನಾವು ಮೆಟ್ಟಿಲು ಹತ್ತಿದೆವು. ಆಗ ಮಧ್ಯಾಹ್ನ ಹನ್ನೆರಡೂವರೆ.

ಅಕ್ಕ ನನ್ನ ಮುಖ ನೋಡಿದರು. ಗುರುತು ಹಿಡಿದರು ಎಂದು ನನಗೆ ಗೊತ್ತಾಯಿತು. ಆದರೆ ಗುರುತಿಲ್ಲದವರ ಹಾಗೆ, "ಮದ್ವೆ ಹೆಣ್ಣಾ? ಕೂತ್ಕೊಳವ್ವ" ಅಂದರು.

ಗಂಡಿನ ಅಕ್ಕ ಸೋಫಾದಲ್ಲಿ ಕೂತು ಫೋನು ತೆಗೆದಳು. ಅಕ್ಕ ನನ್ನ ಕೈ ಹಿಡಿದರು. ಒಂದೆರಡು ಉಗುರು ತೀಡಿ, "ಕೈಯೆಲ್ಲ ಎಣ್ಣೆ ಎಣ್ಣೆ. ತೊಳ್ಕಂಡು ಬಾ, ತೋರುಸ್ತೀನಿ" ಎಂದು ನನ್ನನ್ನು ಹಿಂದಿನ ಕೋಣೆಗೆ ಕರೆದುಕೊಂಡು ಹೋದರು. ನಲ್ಲಿ ಜೋರಾಗಿ ತಿರುಗಿಸಿದರು.

"ಫಸ್ಟ್ ಪಿಯುಸಿ ಅಲ್ವಾ ನೀನು?"

ತಲೆಯಾಡಿಸಿದೆ.

"ಈ ಮದ್ವೆ ನಿಂಗೆ ಬೇಕಾ? ಬಾಯ್ಬಿಟ್ಟು ಹೇಳು, ನಾನು ಊಹೆ ಮಾಡಾಕಿಲ್ಲ."

ಹನ್ನೊಂದು ದಿನದಲ್ಲಿ ಆ ಪ್ರಶ್ನೆಯನ್ನು ಕೇಳಿದವರು ಅವರೊಬ್ಬರೇ. "ಬ್ಯಾಡ ಅಕ್ಕ" ಅಂದೆ. ನೀರಿನ ಸದ್ದಿನಲ್ಲಿ ನನಗೇ ಸರಿಯಾಗಿ ಕೇಳಲಿಲ್ಲ. ಅಕ್ಕನಿಗೆ ಕೇಳಿತ್ತು.

"ಹಂಗಾರೆ ಓಗಿ ಕುರ್ಚಿ ಮೇಲೆ ಕೂತ್ಕೊ. ನಾ ಏಳು ಅನ್ನೋಗಂಟ ಏಳಬ್ಯಾಡ. ಯಾರು ಕರುದ್ರೂ ಸರಿ."

ನಾನು ಬಂದು ಕೂತೆ. ಅಕ್ಕ ಬರುವುದಕ್ಕೆ ಮೂರ್ನಾಲ್ಕು ನಿಮಿಷ ಹಿಡಿಯಿತು. ಕೈಯಲ್ಲಿ ಹತ್ತಿ, ಬಾಟಲಿ. ಮುಖದಲ್ಲಿ ಏನೂ ಇರಲಿಲ್ಲ. ಮಕ್ಕಳ ಸಹಾಯವಾಣಿಗೆ ಫೋನು ಮಾಡಿದ್ದರೆಂದು ನನಗೆ ತಿಳಿದದ್ದು ಆಮೇಲೆ. ಅಧಿಕಾರಿಗಳ ಜೀಪು ಸರಗೂರಿನ ಕಡೆ ಹೋಗಿತ್ತಂತೆ. ಬರುವುದಕ್ಕೆ ಎರಡು ಗಂಟೆಯಾದರೂ ಬೇಕು, ಅಲ್ಲಿಯವರೆಗೆ ಹುಡುಗಿಯನ್ನು ಹೊರಗೆ ಬಿಡಬೇಡಿ ಎಂದಿದ್ದರಂತೆ.

ಹತ್ತು ಉಗುರಿಗೆ ಒಂದೂಕಾಲು ಗಂಟೆ ಸಾಕು. ಅದನ್ನು ಅಕ್ಕ ಎಳೆಯತೊಡಗಿದರು. ಪ್ರತಿ ಉಗುರನ್ನೂ ತೀಡಿ, ಒರೆಸಿ, ಮತ್ತೆ ತೀಡಿದರು. ಕಪ್ಪು ಹಚ್ಚಿ ಗಟ್ಟಿ ಮಾಡಿದರು. ಜೆಲ್ ಹಚ್ಚಿ ಅಯಸ್ಕಾಂತ ಹಿಡಿದರು. ಗೆರೆ ಮೂಡಿತು. ಅದನ್ನು ದೀಪದೊಳಗೆ ಇಡುವ ಬದಲು ಹತ್ತಿಯಿಂದ ಒರೆಸಿಬಿಟ್ಟರು.

"ಸೊಟ್ಟ ಆಯ್ತು" ಅಂದರು.

ಅದು ಸೊಟ್ಟ ಇರಲಿಲ್ಲ. ಎರಡನೇ ಸಲವೂ ಒರೆಸಿದರು. ಮೂರನೇ ಸಲಕ್ಕೆ ಗಂಡಿನ ಅಕ್ಕ ಎದ್ದು ಬಂದು ಬಗ್ಗಿ ನೋಡಿದಳು. "ಚೆನ್ನಾಗೇ ಅದಲ್ಲ, ಯಾಕೆ ಒರುಸ್ತೀರಿ?"

"ಹುಡ್ಗಿ ಕೈ ನಡುಗ್ತದೆ ಕಣ್ರೀ, ಗೆರೆ ನಿಲ್ಲಾಕಿಲ್ಲ. ನಾಳೆ ಫೋಟೊದಲ್ಲಿ ಸೊಟ್ಟ ಕಂಡ್ರೆ ನನ್ನ ಬೈಯ್ಕೊತೀರಿ." ನನ್ನ ಕಡೆ ತಿರುಗಿ, "ಉಸ್ರು ಬುಡವ್ವ. ನಿಧಾನಕ್ಕೆ ಬುಡು" ಅಂದರು. ಅವರು ಎಲ್ಲರಿಗೂ ಹೇಳುತ್ತಿದ್ದ ಮಾತೇ ಅದು. ಆದರೆ ಅವತ್ತು ಅವರ ಹೆಬ್ಬೆಟ್ಟು ನನ್ನ ಅಂಗೈಯನ್ನು ಗಟ್ಟಿಯಾಗಿ ಒತ್ತಿಹಿಡಿದಿತ್ತು.

ಎರಡು ಗಂಟೆಗೆ ಅಪ್ಪ ಮೇಲೆ ಬಂದು ಬಾಗಿಲಲ್ಲಿ ನಿಂತರು. "ಇನ್ನೂ ಆಗ್ಲಿಲ್ವಾ?"

"ಆಯ್ತು ಕಣಣ್ಣ, ಎಡಗೈ ಒಂದು ಬಾಕಿ."

ಅಪ್ಪ ಹೋದರು. ಆರು ಉಗುರು ಮುಗಿದಿದ್ದವು, ಉಳಿದ ನಾಲ್ಕಕ್ಕೆ ಹಚ್ಚಿದ ಜೆಲ್ ಇನ್ನೂ ಹಸಿಯಾಗಿತ್ತು. ಇನ್ನು ಏನು ಹೇಳಿ ತಡ ಮಾಡುತ್ತಾರೋ ಎಂದು ನಾನು ಅಂದುಕೊಳ್ಳುವಾಗ ಕರೆಂಟು ಹೋಯಿತು. ದೀಪದ ಪೆಟ್ಟಿಗೆ ಆರಿತು.

ಗಂಡಿನ ಅಕ್ಕ ಚೀಲ ಹೆಗಲಿಗೆ ಹಾಕಿಕೊಂಡಳು. "ಸಾಕು, ಏಳಮ್ಮ. ಅಷ್ಟೇ ಇರ್ಲಿ."

ನನ್ನ ಕಾಲು ತಾನಾಗಿ ಎದ್ದಿತು. ಅಕ್ಕ ನನ್ನ ಮಣಿಕಟ್ಟು ಹಿಡಿದು ಕೂರಿಸಿದರು. "ನಾಕು ಉಗುರು ಹಸಿ ಅವೆ ಕಣ್ರೀ. ದೀಪ ತೋರುಸ್ದೆ ಈ ಜೆಲ್ಲು ಒಣಗಾಕಿಲ್ಲ. ಹಿಂಗೇ ಕಾರು ಹತ್ತುದ್ರೆ ನಿಮ್ ಧಾರೆ ಸೀರೆಗೆಲ್ಲ ಮೆತ್ಕತದೆ. ಆಮೇಲೆ ಹೋಗ್ದು."

ಸೀರೆಯ ಮಾತಿಗೆ ಅವಳು ಕೂತಳು. ಒರೆಸಿಬಿಟ್ಟರೆ ಒಂದು ನಿಮಿಷದ ಕೆಲಸ ಎಂದು ಅವಳಿಗೆ ಹೊಳೆಯಲಿಲ್ಲ. ನನಗೆ ಹೊಳೆದಿತ್ತು. ಬೆವರು ಬೆನ್ನಿನಲ್ಲಿ ಇಳಿಯುತ್ತಿತ್ತು. ಫ್ಯಾನಿಲ್ಲದ ಕೋಣೆಯಲ್ಲಿ ನಾವು ಮೂವರೂ ನನ್ನ ನಾಲ್ಕು ಹಸಿ ಉಗುರುಗಳನ್ನು ನೋಡುತ್ತಾ ಕೂತೆವು.

ಆಗ ಮೇಜಿನ ಮೇಲಿದ್ದ ಅಕ್ಕನ ಫೋನು ರಿಂಗಾಯಿತು. ಅಕ್ಕನ ಎರಡೂ ಕೈ ನನ್ನ ಕೈ ಹಿಡಿದಿದ್ದವು. ಗಂಡಿನ ಅಕ್ಕ ಉಪಕಾರ ಮಾಡುವವಳ ಹಾಗೆ ಫೋನು ಎತ್ತಿ ಕಿವಿಗಿಟ್ಟುಕೊಂಡಳು. ಆ ಕಡೆಯ ಹೆಂಗಸಿನ ದನಿ ನನಗೂ ಕೇಳಿಸಿತು.

"ಹುಡುಗಿ ಇನ್ನೂ ನಿಮ್ಮಲ್ಲೇ ಇದ್ದಾಳಾ ಮೇಡಂ? ನಾವು ಹತ್ತಿರ ಬಂದ್ವಿ."

ಅವಳಿಗೆ ಅರ್ಥವಾಗುವುದಕ್ಕೆ ಒಂದು ಕ್ಷಣ ಹಿಡಿಯಿತು. ಆಮೇಲೆ ಕಿಟಕಿಗೆ ಓಡಿ ಅಪ್ಪನನ್ನು ಕೂಗಿದಳು. ಅಕ್ಕ ಎದ್ದು ಬಾಗಿಲಿನ ಚಿಲಕ ಹಾಕಿ, ಅದಕ್ಕೆ ಬೆನ್ನು ಕೊಟ್ಟು ನಿಂತರು. ಐದಡಿಯೂ ಇಲ್ಲದ ಹೆಂಗಸು.

ಅಪ್ಪ ಮೆಟ್ಟಿಲನ್ನು ಎರಡೆರಡಾಗಿ ಹತ್ತಿ ಬಂದರು. "ತಗೀ ಬಾಗ್ಲು! ನನ್ ಮಗ್ಳನ್ನ ಇಡ್ಕಳಾಕೆ ನೀನ್ಯಾರು?" ಬಾಗಿಲನ್ನು ಜಗ್ಗಿದರು. ಅಕ್ಕ ಅಲುಗಲಿಲ್ಲ. ಅಪ್ಪ ಮುಷ್ಟಿಯಿಂದ ಗಾಜಿಗೆ ಗುದ್ದಿದರು. ಒಂದು ಸಲ, ಎರಡು ಸಲ. ಮೂರನೆಯ ಸಲಕ್ಕೆ ಗಾಜು ಒಡೆದು, ಅಪ್ಪನ ಕೈ ಮೊಳಕೈವರೆಗೂ ಒಳಗೆ ಬಂತು. ರಕ್ತ ಅಕ್ಕನ ಹೆಗಲ ಮೇಲೆ ಚಿಮ್ಮಿತು.

ಆ ಕೋಣೆಯಲ್ಲಿ ಕಿರುಚದೆ ಇದ್ದವರು ಅಕ್ಕ ಒಬ್ಬರೇ. ಅವರು ತಿರುಗಿ, ಚೂಪಾಗಿ ನಿಂತಿದ್ದ ಗಾಜಿನ ಚೂರುಗಳ ನಡುವೆ ಅಪ್ಪನ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. "ಎಳೀಬ್ಯಾಡ ಕಣಣ್ಣ, ನರ ಕುಯ್ತದೆ. ಹಂಗೇ ನಿಂತ್ಕೊ" ಅಂದರು.

"ಮುಟ್ಟಬ್ಯಾಡ ನನ್ನ!"

"ರಕ್ತ ನಿಲ್ಲುಸ್ಕೊ, ಆಮ್ಯಾಕೆ ಎಷ್ಟ್ ಬೇಕಾದ್ರೂ ಬೈಯಿ."

ಒಂದೊಂದೇ ಚೂರು ಮುರಿದು ಕೆಳಗೆ ಹಾಕಿ, ಕೈ ಬಿಡಿಸಿ, ಚಿಲಕ ತೆಗೆದು ಅಪ್ಪನನ್ನು ನೆಲಕ್ಕೆ ಕೂರಿಸಿದರು. ನನ್ನ ಉಗುರಿಗೆಂದು ತಂದಿದ್ದ ಹತ್ತಿಯನ್ನು ಗಾಯಕ್ಕೆ ಒತ್ತಿ ಟವೆಲ್ಲು ಸುತ್ತಿದರು. ಬಾಗಿಲು ತೆರೆದೇ ಇತ್ತು. ಬೇಕಿದ್ದರೆ ಗಂಡಿನ ಅಕ್ಕ ನನ್ನನ್ನು ಎಳೆದುಕೊಂಡು ಹೋಗಬಹುದಿತ್ತು. ಅವಳು ರಕ್ತ ನೋಡಿ ಗೋಡೆಗೆ ಒರಗಿದ್ದಳು. ಅಪ್ಪ ನನ್ನ ಕಡೆ ನೋಡಿದರು. "ನಾನು ಬರಾಕಿಲ್ಲ ಅಪ್ಪ" ಅಂದೆ. ಹನ್ನೊಂದು ದಿನಗಳಲ್ಲಿ ಅಪ್ಪನಿಗೆ ನಾನು ಆಡಿದ ಮೊದಲ ಮಾತು ಅದು. ಅಪ್ಪ ತಲೆ ತಗ್ಗಿಸಿದರು. ಅಕ್ಕ ಟವೆಲ್ಲಿನ ಗಂಟು ಬಿಗಿಯುತ್ತಿರುವಾಗ ಮೆಟ್ಟಿಲ ಮೇಲೆ ಬೂಟಿನ ಸದ್ದಾಯಿತು.

ನಾನು ಎರಡು ವಾರ ಮೈಸೂರಿನ ಬಾಲಕಿಯರ ಮಂದಿರದಲ್ಲಿದ್ದೆ. ಹದಿನೆಂಟು ತುಂಬುವವರೆಗೆ ಮದುವೆ ಮಾಡುವುದಿಲ್ಲವೆಂದು ಅಪ್ಪ ಎಡಗೈಯಲ್ಲಿ ಮುಚ್ಚಳಿಕೆಗೆ ಸಹಿ ಹಾಕಿದರು. ಬಲಗೈಯ ಹೊಲಿಗೆ ಇನ್ನೂ ಬಿಚ್ಚಿರಲಿಲ್ಲ. ಕಾಲೇಜಿಗೆ ಮತ್ತೆ ಹೋದೆ. ಅಪ್ಪ ನನ್ನೊಂದಿಗೆ ಮಾತು ಶುರುಮಾಡುವುದಕ್ಕೆ ಎಂಟು ತಿಂಗಳಾಯಿತು.

ಅಕ್ಕನಿಗೆ ಮದುವೆ ಹೆಣ್ಣುಗಳು ಬರುವುದು ನಿಂತಿತು. ಯಾರೋ ಬೋರ್ಡು ಕಿತ್ತು ಚರಂಡಿಗೆ ಎಸೆದರು. ಅಕ್ಕ ಹೊಸ ಬೋರ್ಡು ಬರೆಸಿದರು, ಅದರ ಕೆಳಗೆ ಇನ್ನೊಂದು ಸಾಲನ್ನೂ ಸೇರಿಸಿದರು: "ಮದುವೆ ಹೆಣ್ಣು ಆಧಾರ್ ಕಾರ್ಡ್ ತರತಕ್ಕದ್ದು." ಇದು ಪಾರ್ಲರ್ರೋ ತಾಲ್ಲೂಕು ಆಫೀಸೋ ಎಂದು ಜನ ಆಡಿಕೊಂಡು ನಕ್ಕರು. ಅಕ್ಕ ಆ ಸಾಲನ್ನು ಅಳಿಸಲಿಲ್ಲ.

ನಾನು ಕಾಲೇಜಿನಿಂದ ಬರುವಾಗ ಮೇಲೆ ಹತ್ತಿ ಕೂರುತ್ತಿದ್ದೆ. ಒಂದು ಸಂಜೆ ಕೇಳಿದೆ, "ಅವತ್ತು ಅಷ್ಟು ಧೈರ್ಯ ಎಲ್ಲಿಂದ ಬಂತು ಅಕ್ಕ?"

"ಧೈರ್ಯ ಅಲ್ಲ ಕಣವ್ವ. ಹೆದ್ರಿಕೆ."

ಕೈಯಲ್ಲಿದ್ದ ಅಯಸ್ಕಾಂತದ ಕಡ್ಡಿಯನ್ನು ಒರೆಸಿಟ್ಟು ಹೇಳಿದರು. ನನಗಿಂತ ಎರಡು ವರ್ಷ ಮುಂಚೆ ಇನ್ನೊಬ್ಬ ಹುಡುಗಿ ಬಂದಿದ್ದಳು. ಅವಳಿಗೆ ನನಗಿಂತಲೂ ಕಡಿಮೆ ವಯಸ್ಸು. ಅಕ್ಕನಿಗೆ ಗೊತ್ತಾಗಿತ್ತು. ನನಗ್ಯಾಕೆ ಎಂದು ಉಗುರು ಮಾಡಿ ಕಳಿಸಿದರು. ಹುಡುಗಿಗೆ ಎಷ್ಟು ಇಷ್ಟವಾಯಿತೆಂದರೆ ಸೀಮಂತಕ್ಕೂ ಬಂದು ಅದೇ ಬಣ್ಣ ಬದಲಾಗುವ ಉಗುರು ಮಾಡಿಸಿಕೊಂಡಳು. ಕೆಲವೇ ದಿನಕ್ಕೆ, ತಿಂಗಳು ತುಂಬುವ ಮೊದಲೇ ಹೆರಿಗೆ ನೋವು ಬಂತು, ಫಿಟ್ಸ್ ಬಂತು. ಬೆರಳಿಗೆ ಹಾಕಿ ಉಸಿರು ನೋಡುವ ಯಂತ್ರ ಆ ಬಣ್ಣದ ಮೇಲೆ ಸರಿಯಾಗಿ ತೋರಿಸುತ್ತಿರಲಿಲ್ಲ. ಹುಡುಗಿಯ ಅಮ್ಮ ಅಕ್ಕನನ್ನು ಹುಡುಕಿಕೊಂಡು ಓಡಿಬಂದಳು. ಅಕ್ಕ ಬಾಟಲಿ ಹಿಡಿದುಕೊಂಡು ಆಸ್ಪತ್ರೆಗೆ ಹೋಗಿ, ಮಂಚದ ಪಕ್ಕ ಮೊಣಕಾಲೂರಿ ಬಣ್ಣ ತೆಗೆಯತೊಡಗಿದರು.

"ಎಂಟು ಬೆರಳು ತಗ್ದಿದ್ದೆ. ಅಷ್ಟರಲ್ಲಿ ಮಗು ಆಯ್ತು, ಅವ್ಳನ್ನ ಆಂಬುಲೆನ್ಸಿಗೆ ಹಾಕಿ ಮೈಸೂರಿಗೆ ಕರ್ಕಂಡೋದ್ರು. ಇನ್ನೆರಡು ಬೆರಳು ಹಂಗೇ ಇದ್ವು." ಅವರು ಮೇಜಿನ ಮೇಲಿನ ಬಾಟಲಿಗಳನ್ನು ಸುಮ್ಮನೆ ನೇರ ಮಾಡಿದರು. "ಹಂಗೇ ಅವ್ಳ ಜೊತೆ ಮಣ್ಣಿಗೆ ಹೋದ್ವು."

ಆ ವಿಷಯವನ್ನು ಅವರು ಮತ್ತೆ ಎತ್ತಲಿಲ್ಲ.

ಹೋದ ವರ್ಷ ಅಕ್ಕ ಹುಣಸೂರಿನಲ್ಲಿ ಬಸ್ಸಿಳಿಯುವಾಗ ಎದೆ ಹಿಡಿದುಕೊಂಡು ಕುಸಿದರು. ಆಸ್ಪತ್ರೆ ತಲುಪಲಿಲ್ಲ. ಬೆಟ್ಟದಪುರದ ಹತ್ತಿರದ ಅವರ ಊರಿನಲ್ಲಿ ಮಣ್ಣು ಮಾಡಿದರು. ನಾನು ಕಾಲೇಜಿಗೆ ರಜೆ ಹಾಕಿ ಹೋಗಿದ್ದೆ. ಅಲ್ಲಿ ಒಬ್ಬ ಹೆಂಗಸು ಮೂರು ವರ್ಷದ ಹೆಣ್ಣು ಮಗುವನ್ನು ಸೊಂಟದಲ್ಲಿ ಇಟ್ಟುಕೊಂಡು ನಿಂತಿದ್ದರು. ತೀರಿಕೊಂಡ ಆ ಹುಡುಗಿಯ ಅಮ್ಮ ಅವರು. ಮಗು ಆ ಹುಡುಗಿಯದು. ಅವರ ಊರು ನಮ್ಮೂರಿಂದ ಎರಡೇ ಮೈಲಿ, ನನಗೆ ಗೊತ್ತೇ ಇರಲಿಲ್ಲ.

"ತಿಂಗ್ಳು ತಿಂಗ್ಳು ಬತ್ತಿದ್ರು ಕಣವ್ವ, ಇವಳು ಹಸುಗೂಸಾಗಿದ್ದಾಗ್ಲಿಂದ" ಅಂದರು ಆಕೆ. "ಬಂದು ಇವಳ ಉಗುರು ಕತ್ತರ್ಸಿ, ಕಾಫಿ ಕುಡ್ದು ಓಗೋರು. ಇವಳು ಇನ್ಯಾರಿಗೂ ಕೈ ಕೊಡಾಕಿಲ್ಲ. ನೋಡು ಎಂಗೆ ಬೆಳ್ದವೆ."

ಮುಂದಿನ ಭಾನುವಾರ ನಾನು ಉಗುರು ಕತ್ತರಿಸುವ ಕಟರ್ ತೆಗೆದುಕೊಂಡು ಅವರ ಊರಿಗೆ ಹೋದೆ. ಮಗು ಎರಡೂ ಕೈಯನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡು ಕಂಬಕ್ಕೆ ಒರಗಿ ನಿಂತಿತು. ನಾನು ನೆಲದ ಮೇಲೆ ಕೂತೆ. ಒಂದು ಗಂಟೆಯ ಮೇಲಾಯಿತು. ಅವತ್ತು ಒಂದೇ ಬೆರಳು ಕೊಟ್ಟಳು. ಅದರ ಮುಂದಿನ ತಿಂಗಳು ಮೂರು. ಈಗ ಹತ್ತೂ ಕೊಡುತ್ತಾಳೆ.