ವೆಂಕೋಬರಾಯರಿಗೆ ತಪ್ಪಿದ ಪ್ರಮೋಷನ್
ಅಮೆರಿಕದ ಎಡಿಸನ್ನಿನಲ್ಲಿ ಮಗಳ ಮನೆಯಲ್ಲಿರುವ ವೆಂಕೋಬರಾಯರು ಬ್ರಿಟಿಷರ ಕಾಲದಲ್ಲಿ ಬಳ್ಳಾರಿಯ ಪೊಲೀಸ್ ಇನ್ಸ್‌ಪೆಕ್ಟರು. ಇಲ್ಲಿ ಮೇಲ್‌ಬಾಕ್ಸಿನವರೆಗೆ ಹೋಗುವುದಕ್ಕೂ ಬೂಟಿಗೆ ಪಾಲಿಶ್ ಆಗಬೇಕು. ಸ್ನೋ ಬಿದ್ದರೂ ನಡಿಗೆ ಪೆರೇಡಿನದೇ. ಯಾರ ಮನೆಗೆ ಊಟಕ್ಕೆ ಹೋದರೂ ಬಿಸಿಬೇಳೆಭಾತು ಆರುವವರೆಗೆ ಒಂದೇ ದೂರು: “ನನಗ ಬರ್ಬೇಕಾದ ಡಿಎಸ್‌ಪಿ ಪೋಸ್ಟು, ನನ್ನ ಜೂನಿಯರ್ ಗೋವಿಂದರಾಜುಲುಗೆ ಕೊಟ್ಟುಬಿಟ್ರು ನೋಡ್ರಿ!” ಮಕ್ಕಳು “ನಾಟ್ ಅಗೇನ್, ತಾತ!” ಎಂದು ಬೇಸ್‌ಮೆಂಟಿಗೆ ಓಡುತ್ತಾರೆ, ನಾವು ಗೋವಿಂದರಾಜುಲುವನ್ನು ಚೆನ್ನಾಗಿ ಬೈದು ಮೊಸರನ್ನಕ್ಕೆ ಏಳುತ್ತೇವೆ. ಮೊನ್ನೆ ಊರಿನಿಂದ ಬಂದ ಏರೋಗ್ರಾಮ್ ಕಾಗದದಲ್ಲಿ ಆ ಗೋವಿಂದರಾಜುಲು ತೀರಿಕೊಂಡ ಸುದ್ದಿ ಬಂತು. ಇನ್ನಾದರೂ ರಾಯರ ಮನಸ್ಸು ತಣ್ಣಗಾಗಿರಬಹುದೆಂದು ಹೋದರೆ, ಬರಿಗಾಲಲ್ಲಿ ಮೆಟ್ಟಿಲ ಮೇಲೆ ಕೂತಿದ್ದರು. “ಮೇಲಧಿಕಾರಿ ಆದ್ಮೇಲೂ, ಯಾರೂ ಇಲ್ದಾಗ ಅವನೇ ಮೊದ್ಲು ನನಗ ಸೆಲ್ಯೂಟ್ ಹೊಡೀತಿದ್ದ. ಆ ಪೋಸ್ಟು ನಂದು ಅಂತ ಒಪ್ಪಿದ್ದವ ಅವನೊಬ್ನೇ ನೋಡ್ರಿ.”